ದಾರಿ ಕೇಳಿದವರು

ಹೌಕಿಯಾರ್ವಿ ಸರೋವರದ ಮೂಡಣ ದಂಡೆಗೆ
ಹನ್ನೊಂದು ಮನೆ, ಹನ್ನೊಂದು ಅಂಚೆಡಬ್ಬಿ.
ಹತ್ತರಲ್ಲಿ ಕರೆಂಟು ಬಿಲ್ಲು, ಬೀಜದಂಗಡಿಯ ಪಟ್ಟಿ.
ಹನ್ನೊಂದನೆಯದರ ಬಾಯಿ ಮುಚ್ಚುವುದೇ ಇಲ್ಲ.

ಯಲ್ಮಾರಿ ಕೊಸ್ಕೆಲೊ. ಮೂವತ್ತೆಂಟು ಬೇಸಿಗೆ
ಫಿನ್ಲೆಂಡಿನ ಮರದ ಕುಣಿತಕಟ್ಟೆಗಳ ಮೇಲೆ
ಟ್ಯಾಂಗೊ ಹಾಡಿದವನು. ಒಂದು ಆಗಸ್ಟಿನ ರಾತ್ರಿ
ಮೈಕನ್ನು ಅದರ ಕೊಕ್ಕೆಗೆ ಸಿಕ್ಕಿಸಿ
"ಇಷ್ಟೇ" ಅಂದು ಇಳಿದುಬಂದವನು.
ಗಂಟಲು ಕೆಟ್ಟಿರಲಿಲ್ಲ.
ಅದನ್ನೇ ಜನ ಕ್ಷಮಿಸಲಿಲ್ಲ.

ಈಗ ಮೀನು ಹಿಡಿಯುತ್ತಾನೆ, ಹೊಗೆಗೆ ಕಟ್ಟುತ್ತಾನೆ.
ಕಾಗದದ ಕಂತೆಯನ್ನು ನನ್ನ ಕೈಯಿಂದಲೇ ತೆಗೆದುಕೊಂಡು
ಅಂಚೆಚೀಟಿ ನೋಡುತ್ತಾನೆ, ಊರಿನ ಮುದ್ರೆ ನೋಡುತ್ತಾನೆ,
ಸೌನಾ ಒಲೆಯ ಪಕ್ಕದ ಬುಟ್ಟಿಗೆ ಹಾಕುತ್ತಾನೆ.
ಬರ್ಚ್ ತೊಗಟೆಗಿಂತ ಚೆನ್ನಾಗಿ ಹತ್ತಿಕೊಳ್ಳುತ್ತವಂತೆ.

ಒಮ್ಮೆ ಕೇಳಿಯೇಬಿಟ್ಟೆ: ಒಂದಕ್ಕಾದರೂ ಉತ್ತರ?
ಮೀನಿನ ಹುರುಪೆ ಹೆರೆಯುತ್ತ ಹೇಳಿದ:
"ಟಿಕೆಟ್ಟಿಗೆ ದುಡ್ಡು ಕೊಟ್ಟರು, ಹಾಡಿದೆ.
ಕಟ್ಟೆ ಸೋರುತ್ತಿದ್ದಾಗಲೂ ಹಾಡಿದೆ,
ಅಪ್ಪ ಸತ್ತ ಶನಿವಾರವೂ ಹಾಡಿದೆ.
ಲೆಕ್ಕ ಚುಕ್ತಾ.
ನಾಳೆ ನಿನಗೆ ಪಿಂಚಣಿ ಬಂದ ಮೇಲೆ
ಯಾರೋ ಬಾಗಿಲು ಬಡಿದು, ಇವತ್ತೂ ಒಂದು ಕಾಗದ ತಾ ಅಂದರೆ?"

ನಕ್ಕೆ. ವ್ಯಾನಿನಲ್ಲಿ ಹಿಂದಿರುಗುವಾಗ ನಗು ನಿಂತಿತು.
ನನ್ನಮ್ಮ ಅಪ್ಪನ ಕೈಹಿಡಿದದ್ದು
ಹೆಂಗಸರು ಜೊತೆ ಆರಿಸುವ ಸರದಿಯಲ್ಲಿ, ಇವನ ಹಾಡಿಗೆ.
ನಾನು ಹುಟ್ಟಿದ್ದರಲ್ಲಿ ಇವನದೂ ಒಂದು ಪಾಲು.
ಎಂಟು ವರ್ಷಕ್ಕೆ ಅಪ್ಪ ಬಿಟ್ಟುಹೋದ.
ಅದನ್ನೂ ಇವನನ್ನೇ ಕೇಳಬೇಕೆ?

ಅವನ ಎಪ್ಪತ್ತಕ್ಕೆ ತಾಂಪೆರೆಯಿಂದ ಬಸ್ಸು ಬಂತು.
ಮೂವತ್ತೊಂದು ಜನ, ಒಂದು ಗಾಲಿಕುರ್ಚಿ,
ದಾರಿಯುದ್ದಕ್ಕೂ ಕೇಕನ್ನು ಮಗುವಿನಂತೆ
ಮಡಿಲಲ್ಲಿಟ್ಟುಕೊಂಡು ಬಂದ ಹೆಂಗಸು.
ಅಂಗಡಿಯವನು ಗೊತ್ತಿಲ್ಲವೆಂದ.
ಪೆಟ್ರೋಲು ಹಾಕುವವನು ಗೊತ್ತಿಲ್ಲವೆಂದ.
ಊರಿಗೆ ಊರೇ ಏಳು ವರ್ಷ ಸಾಕಿದ 'ಗೊತ್ತಿಲ್ಲ' ಅದು.
ನಾನು ಹೇಳಿದೆ. ಕೈಮಾಡಿ ತೋರಿಸಿದೆ.
ವಿಳಾಸ ಮುಟ್ಟಿಸುವುದು ಹದಿನೇಳು ವರ್ಷದ ರೂಢಿ
ಅಂತ ನನಗೆ ನಾನೇ ಹೇಳಿಕೊಂಡೆ,
ವ್ಯಾನು ತಿರುಗಿಸಿ ಹಿಂದೆಯೇ ಹೋದೆ.

ಎಂಜಿನ್ನಿನ ಸದ್ದಿಗೇ ಅವನು ದೋಣಿ ಬಿಚ್ಚಿದ್ದ.
ಸರೋವರದ ನಡುವೆ, ನಮ್ಮ ಕಡೆ ಬೆನ್ನು ಮಾಡಿ,
ಹುಟ್ಟುಗಳನ್ನು ಒಳಗೆಳೆದುಕೊಂಡು ಕೂತಿದ್ದ.

ಹಲಗೆಸೇತುವೆಯ ಮೇಲೆ ನಿಂತು ಅವರೇ ಹಾಡಿದರು.
ಶ್ರುತಿ ಎಲ್ಲೋ, ತಾಳ ಎಲ್ಲೋ.
ನೀರು ಚಾಡಿಕೋರ; ಒಂದಕ್ಷರ ಬಿಡದೆ
ಒಯ್ದು ಕಿವಿಗೆ ಸುರಿಯುತ್ತದೆ.
ಬೆನ್ನು ತಿರುಗಲಿಲ್ಲ.
ಗಾಲಿಕುರ್ಚಿಯ ಮುದುಕ ಮಾತ್ರ ಹಾಡಲಿಲ್ಲ.
ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು
ಇಷ್ಟು ದೂರ ಬಂದದ್ದು ಆ ಬೆನ್ನಿಗಾಗಿಯೇ ಎಂಬಂತೆ
ನೋಡುತ್ತಿದ್ದ.

ಕೇಕು ಬಿಟ್ಟುಹೋದರು.
ಕತ್ತಲಾಗುವ ಮೊದಲೇ ಕಡಲಹಕ್ಕಿಗಳು ಮುಗಿಸಿದವು.

ಮರುದಿನ ಅವನು, ದಾರಿ ಹೇಳಿದ್ದು ಯಾರೆಂದು ಕೇಳಲಿಲ್ಲ.
ಕಂತೆ ತೆಗೆದುಕೊಂಡ.
"ಎರಡನೆಯ ಚರಣ ಬಹಳ ಓಡಿಸಿದರು" ಅಂದ.
ಯಾವಾಗಲೂ ಕೊಡುವ ಎರಡು ಮೀನು ಕೊಡಲಿಲ್ಲ.
ಅಂದು ಬಲೆಗೆ ಬಿದ್ದಿರಲಿಲ್ಲವೋ ಏನೋ.

ಹಾಡಿದವನದು ಮುಗಿದಿದೆ, ಕೇಳಿದವರದು ಮುಗಿದಿಲ್ಲ.
ನಡುವೆ ನನ್ನದೊಂದು ಚೀಲ.
ಮುಟ್ಟಿಸುವುದಷ್ಟೇ ಕೆಲಸ, ಓದಿಸುವುದಲ್ಲ
ಅಂತ ಹೇಳಿಕೊಳ್ಳುತ್ತೇನೆ, ಗುಡ್ಡ ಹತ್ತುವಾಗ.

ಏಪ್ರಿಲಿನಲ್ಲಿ ಅಂಚೆಮನೆಗೆ ಒಂದು ಫೋನು.
ವಯಸ್ಸಾದ ದನಿ, ವಾಸಾದಿಂದ.
ಹೌಕಿಯಾರ್ವಿಗೆ ಯಾವ ಕಡೆ ತಿರುಗಬೇಕು?
ಹಿಂದುಗಡೆ ಎಲ್ಲೋ ಕಾಫಿ ಬಸಿಯುವ ಸದ್ದು.
ತುಸು ಹೊತ್ತು ಕೇಳುತ್ತ ನಿಂತೆ.
"ದಾರಿ ಕೆಟ್ಟಿದೆ" ಅಂದೆ.

ಸುಳ್ಳೇನಲ್ಲ. ಹಿಮ ಕರಗುವ ತಿಂಗಳು
ನಮ್ಮಲ್ಲಿ ದಾರಿಗಳೆಲ್ಲ ಕೆಟ್ಟೇ ಇರುತ್ತವೆ.